ನಿರ್ದೇಶಕರ ಕೋಣೆಯ ಇಪ್ಪತ್ತೇಳನೆಯ ಸ್ಯಾಂಪಲ್

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಅವಳಿ ಅಕ್ಕ ಎನ್ನುತ್ತಿದ್ದರು. ಆಕೆಗೆ ಇದ್ದದ್ದು ಒಬ್ಬಳೇ ಮಗಳು, ಅವಳೊಬ್ಬಳೇ ನಾಲ್ವರಿಗೆ ಸಮ. ಹೆಸರು ಬಂದದ್ದು ಕೆಲಸದಿಂದ. ಕಳೆನಾಶಕ ಮಣ್ಣಿಗೆ ಬಿದ್ದ ಮೇಲೆ ಒಡೆದು ಏನೇನಾಗುತ್ತದೆ ಎಂದು ಪತ್ತೆ ಹಚ್ಚುವುದು ಆಕೆಯ ಕೆಲಸ. ಆದರೆ ಸಾವಿರ ಬಗೆಯ ವಸ್ತುಗಳಿರುವ ಮಣ್ಣಿನಲ್ಲಿ ವಿಷದ ಚೂರು ಯಾವುದು, ಕೊಳೆತ ಎಲೆ ಯಾವುದು? ಅದಕ್ಕೇ ಮಾಮೂಲಿ ಕಳೆನಾಶಕಕ್ಕೆ, ಭಾರದ ಇಂಗಾಲದಿಂದ, ಅಂದರೆ ಪರಮಾಣು ತುಸು ಹೆಚ್ಚು ತೂಗುವ ಇಂಗಾಲದಿಂದ, ಮಾಡಿದ ಅದೇ ಕಳೆನಾಶಕವನ್ನು ಅರ್ಧಕ್ಕರ್ಧ ಬೆರೆಸಿ ಜಾಡಿಯ ಮಣ್ಣಿಗೆ ಹಾಕುತ್ತಿದ್ದಳು. ಆಮೇಲೆ ಕಣಗಳನ್ನು ತೂಗಿ ನೋಡುವ ಯಂತ್ರದ ಪರದೆಯಲ್ಲಿ ವಿಷದ ಚೂರುಗಳು ಮಾತ್ರ ಜೋಡಿ ಗೆರೆಯಾಗಿ ಏಳುತ್ತಿದ್ದವು: ಒಂದು ಹಗುರದ್ದು, ಪಕ್ಕದಲ್ಲೇ ಒಂದು ಭಾರದ್ದು. "ಅವಳಿ ಸಿಕ್ತು!" ಎಂದು ಕೂಗುತ್ತಲೇ ಇಪ್ಪತ್ತೆರಡು ವರ್ಷ ಕಳೆದಿದ್ದಳು.

ಒಂದು ಸೋಮವಾರ ನಿರ್ದೇಶಕರ ಕೋಣೆಯಲ್ಲಿದ್ದ ಕುಂಡದ ಗಿಡ ಬಾಡಿತು. ನೀರು ಹಾಕಿಲ್ಲವೆಂದು ಅವರು ಗುಮಾಸ್ತನ ಮೇಲೆ ಹರಿಹಾಯ್ದರು. ಗುಮಾಸ್ತ ಅತ್ತೇಬಿಟ್ಟ. ಆಗ ಗಾಜಿನ ಸಾಮಾನು ತೊಳೆಯುವಾಕೆ ಅವಳಿ ಅಕ್ಕನನ್ನು ಮೂಲೆಗೆ ಕರೆದಳು.

"ಅಕ್ಕಾ, ಬೈಬೇಡಿ. ನಿಮ್ಮ ಜಾಡೀದು ಒಳ್ಳೆ ಕಪ್ಪು ಮಣ್ಣು, ಎಸೆಯೋದ್ಯಾಕೆ ಅಂತ ಆ ಕುಂಡಕ್ಕೆ ಸುರಿದ್ಬಿಟ್ಟೆ. ನಂಗೇನಾದ್ರೂ ಆಗುತ್ತಾ?"

"ಕೈ ತೊಳ್ಕೊಂಡೆ ತಾನೆ? ನಿಂಗೇನಾಗಲ್ಲ. ಆಗಿರೋದು ಗಿಡಕ್ಕೆ."

ಅವಳಿ ಅಕ್ಕ ಒಂದು ಎಲೆ ಕಿತ್ತು, ಅರೆದು, ಸೋಸಿ ಯಂತ್ರಕ್ಕೆ ಕೊಟ್ಟಳು. ಜೋಡಿ ಗೆರೆ ಎದ್ದಿತು, ಇದುವರೆಗೆ ಯಾವ ಜಾಡಿಯಲ್ಲೂ ಕಾಣದ ಜಾಗದಲ್ಲಿ! ಮಣ್ಣಿಗೆ ಆಗದ ಹೊಸ ಚೂರನ್ನು ಗಿಡ ಮಾಡಿತ್ತು. ಆಕೆ ಕೂಗುವುದನ್ನೂ ಮರೆತು ನಿರ್ದೇಶಕರ ಬಳಿಗೆ ಓಡಿದಳು.

"ಭೇಷ್!" ಎಂದರು ನಿರ್ದೇಶಕರು. "ಗಿಡಾನ ನಿಮ್ಮ ಲ್ಯಾಬಿಗೆ ತಗೊಂಡ್ಹೋಗಿ."

"ಆಗಲ್ಲ ಸರ್. ಸ್ಯಾಂಪಲ್ ಸಿಕ್ಕಿದ ಜಾಗದಿಂದ ಕದಲಿಸೋ ಹಾಗಿಲ್ಲ. ಕೋಣೆಗೆ ಬೀಗ ಹಾಕ್ಬೇಕು."

"ಯಾವ ಕತ್ತೆ ಬರೆದದ್ದು ಇದನ್ನ?"

ಆಕೆ ಸುತ್ತೋಲೆ ತೋರಿಸಿದಳು. ಕೆಳಗೆ ಅವರದೇ ಸಹಿ ಇತ್ತು.

ಗಿಡ ಇಪ್ಪತ್ತೇಳನೆಯ ಸ್ಯಾಂಪಲ್ ಆಯಿತು. ನಿರ್ದೇಶಕರು ಕುರ್ಚಿ ಹೊತ್ತುಕೊಂಡು ಮೆಟ್ಟಿಲ ಕೆಳಗೆ ಬಂದು ಕೂತರು. ಮೂರು ತಿಂಗಳು ಅಲ್ಲೇ ಕಡತ ನೋಡಿದರು. ಎದ್ದಾಗಲೆಲ್ಲ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು. ಕನ್ನಡಕ ಒಳಗೇ ಉಳಿದಿದೆ ಎಂದು ಅವರು ಗೋಗರೆದಾಗ ಅವಳಿ ಅಕ್ಕ ಅದನ್ನು ತಂದುಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಳು.

ವರದಿ ಅಚ್ಚಾಗುವಾಗ ತೊಳೆಯುವಾಕೆಯ ಹೆಸರೂ ಇರಲೇಬೇಕೆಂದು ಅವಳಿ ಅಕ್ಕ ಪಟ್ಟು ಹಿಡಿದಳು. ಅವಳ ಕೊಡುಗೆ ಏನು ಎಂಬಲ್ಲಿ "ಮಣ್ಣು ಸುರಿದದ್ದು" ಎಂದು ಬರೆದಳು. ಅಚ್ಚಾದ ಪ್ರತಿ ಕೈಗೆ ಬಂದ ದಿನ ತೊಳೆಯುವಾಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯ ಮೇಲೆ ಬೆರಳಾಡಿಸಿದಳು.

"ಅಕ್ಕಾ, ಇದ್ರಲ್ಲಿ ನಾನೆಲ್ಲಿದೀನಿ?"

ಅವಳಿ ಅಕ್ಕ ಆ ಬೆರಳನ್ನು ಹಿಡಿದು ಸರಿಯಾದ ಸಾಲಿನ ಮೇಲೆ ಇಟ್ಟಳು.