ಚೆಕ್ಕರನ ಮೇಜಿನ ಆಚೆ ಬದಿ

ಮಳೆ ಹಿಡಿಯುವ ಮೊದಲು ನಮ್ಮ ಕಡೆ ಎಲ್ಲರಿಗೂ ಹಳೆ ಫ್ಲೆಕ್ಸ್ ಬೇಕು. ಕಟ್ಟಿಗೆ ಮುಚ್ಚಲು, ಹಟ್ಟಿಯ ಬದಿಗೆ ಕಟ್ಟಲು, ಬೈಕಿಗೆ ಹೊದಿಸಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಚುನಾವಣೆಯೋ ಕ್ರಿಕೆಟ್ ಪಂದ್ಯಾಟವೋ ಮುಗಿದರೆ ಸಾಕು, ದೊಡ್ಡ ದೊಡ್ಡ ಮುಖಗಳು ನಮ್ಮ ಕಟ್ಟಿಗೆ ರಾಶಿಗಳ ಮೇಲೆ ಮಲಗಿ ಆಕಾಶಕ್ಕೆ ಕೈಮುಗಿಯುತ್ತಿರುತ್ತವೆ. ಮೊನ್ನೆ ನೆರೆಮನೆಯ ಸುಮತಿ ಬೇಲಿಯ ಆಚೆಯಿಂದ ಕೇಳಿದಳು.

"ಅಕ್ಕ, ನಿಮ್ಮಲ್ಲಿ ಹಳೆ ಫ್ಲೆಕ್ಸ್ ಉಂಟಾ?"

"ಒಂದು ಉಂಟು. ಕೊಡುವುದಿಲ್ಲ."

ಅವಳು ಬೆಚ್ಚಿದಳು. ನಾನೂ ಬೆಚ್ಚಿದೆ. ಕೇಳಿದ್ದನ್ನು ಇಲ್ಲವೆನ್ನದೆ ಕೊಟ್ಟು ಬಂದವಳು ನಾನು. ಕೊಟ್ಟ ಕೊಡೆ, ಹಾರೆ, ಇಡ್ಲಿ ಪಾತ್ರೆ ಎಷ್ಟೋ ಮನೆಗಳಲ್ಲಿ ಈಗಲೂ ಸುಖವಾಗಿವೆ. ಆದರೆ ಈ ಫ್ಲೆಕ್ಸಿನ ಮೇಲೆ ನನ್ನ ತಮ್ಮ ಸದಾನ ಮುಖ ಉಂಟು. ಅವನು ತೀರಿಹೋಗಿ ಒಂದು ವರ್ಷ ದಾಟಿತು. ಅದನ್ನು ಕೊಡದಿರುವುದಕ್ಕೆ ಕಾರಣ ಮುಖ ಅಂತ ನೀವು ತಿಳಿಯಬಹುದು. ಅಲ್ಲ. ಕಾರಣ ಅದರ ಬೆನ್ನು.

ಅದನ್ನು ಹೇಳಬೇಕಾದರೆ ನಮ್ಮ ಬೀಡಿ ಬ್ರಾಂಚಿನಿಂದ ಶುರು ಮಾಡಬೇಕು. ಬಂಟ್ವಾಳದಿಂದ ಮಾಣಿಗೆ ಹೋಗುವ ದಾರಿಯಲ್ಲಿ ಹಂಚಿನ ಮಾಡಿನ ಒಂದು ಉದ್ದ ಕಟ್ಟಡ. ನಮ್ಮಲ್ಲಿ ಆಸ್ತಿ ಹೆಣ್ಣಿನ ದಾರಿ ಹಿಡಿದು ಬರುತ್ತದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು ಅದೊಂದೇ. ಬೀಡಿ ಕಂಪೆನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಕಟ್ಟಡ ನಮ್ಮದಾದರೂ ಅಮ್ಮನೂ ನಾನೂ ಉಳಿದ ಹೆಂಗಸರಂತೆ ಮನೆಯಲ್ಲಿ ಸುತ್ತಿದ ಬೀಡಿಯ ಬುಟ್ಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ನಾನು ಏಳನೇ ಕ್ಲಾಸು ಮುಗಿಸಿ ಬೀಡಿ ಸುತ್ತಲು ಕೂತವಳು. ಒಳಗೆ ಒಂದು ಉದ್ದ ಮೇಜು. ಈಚೆ ನಾವು, ಆಚೆ ಕುರ್ಚಿಯಲ್ಲಿ ಚೆಕ್ಕರ್. ಅವನು ನಮ್ಮ ಬೀಡಿಗಳನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮುಖ ಎತ್ತದೆ "ಪಾಸಿಲ್ಲ" ಅಂತ ಬದಿಗೆ ತಳ್ಳುತ್ತಿದ್ದ. ಯಾಕೆ ಅಂತ ಕೇಳುವ ಕ್ರಮ ಇರಲಿಲ್ಲ. ಅವನಿಗೆ ಮನೆಯಲ್ಲಿ ಜಗಳವಾದ ದಿನ ನಮ್ಮ ಎಲ್ಲರ ಬೀಡಿಯೂ ಸಡಿಲ.

ಬೀಡಿ ಕೆಲಸ ಕಡಿಮೆಯಾಗಿ ಕಂಪೆನಿ ಬ್ರಾಂಚು ಮುಚ್ಚಿದಾಗ ಮೇಜು, ಕುರ್ಚಿ, ತಂಬಾಕಿನ ವಾಸನೆ ಇಷ್ಟನ್ನು ಬಿಟ್ಟುಹೋಯಿತು. ಸದಾ ಆಗ ಮದುವೆ ಫೋಟೋ ತೆಗೆಯುತ್ತಿದ್ದ. ಬೆಳ್ತಂಗಡಿ, ಮೂಡುಬಿದಿರೆಯ ತನಕ ಹಾಲ್‌ಗಳಲ್ಲಿ ವಧೂವರರ ಎದುರು ನಿಂತು "ಸ್ವಲ್ಪ ನಗಿ" ಅಂತ ಹೇಳಿ ಹೇಳಿ ಅವನಿಗೆ ನಗುವೇ ಸಾಕಾಗಿತ್ತು.

"ಅಕ್ಕ, ಬ್ರಾಂಚು ನನಗೆ ಕೊಡು" ಅಂದ. "ಫೋಟೋ ಕಲಿಯುವವರಿಗೆ, ಚಿತ್ರ ಬಿಡಿಸುವವರಿಗೆ ಒಂದು ಜಾಗ ಮಾಡುವ. ಶನಿವಾರ ಒಳ್ಳೆ ಸಿನಿಮಾ ಹಾಕುವ."

ಕೊಟ್ಟೆ. ಕೇಳಿದ್ದನ್ನು ಕೊಡುವವಳಲ್ಲವೇ! ತಂಬಾಕು ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಾಯಿತು. ಉಜಿರೆಯ ಕಾಲೇಜು ಮಕ್ಕಳು ಬಸ್ಸಿನಲ್ಲಿ ಬಂದು ಅದರೊಳಗೆ ಹೊಕ್ಕು, ಹುಳಿ ವಾಸನೆ ಹೊತ್ತು ಹೊರಗೆ ಬರುತ್ತಿದ್ದರು. ಬಸ್ಸುಗಳ ಹಣೆಗೆ ಹೆಸರು ಬರೆಯುತ್ತಿದ್ದ ಐತಪ್ಪಣ್ಣನ ಕೆಲಸವನ್ನು ಫ್ಲೆಕ್ಸ್ ನುಂಗಿಹಾಕಿತ್ತು. ಸದಾ ಅವರಿಗೆ ಒಂದು ಇಡೀ ಗೋಡೆ ಕೊಟ್ಟು "ನಿಮಗೆ ಬೇಕಾದ್ದು ಬರೆಯಿರಿ" ಅಂದ. ಅವರು ನೆರೆ ಬಂದ ನೇತ್ರಾವತಿಯನ್ನೂ, ದಡದಲ್ಲಿ ಕಾಯುತ್ತಾ ನಿಂತ ತಮ್ಮ ಹಳೆ ಬಸ್ಸುಗಳನ್ನೂ ಒಂದೊಂದರ ಹೆಸರಿನ ಸಮೇತ ಬರೆದರು. ಊರವರು ಬಂದು ನೋಡಿ, "ಇದು ಯಾವ ಸಂಘದ್ದು? ಯಾವ ಪಕ್ಷದ್ದು?" ಅಂತ ಕೇಳುತ್ತಿದ್ದರು. ಯಾರದ್ದೂ ಅಲ್ಲ ಅಂದರೆ ನಂಬುತ್ತಿರಲಿಲ್ಲ.

ಶನಿವಾರದ ಸಿನಿಮಾಗಳ ಬಗ್ಗೆ ನನ್ನನ್ನು ಕೇಳಬೇಡಿ. ಅಮ್ಮನ ಹಳೆಯ ಬಿಳಿ ಸೀರೆಯೇ ಪರದೆ. ಅದರಲ್ಲಿ ಯಾವುದೋ ದೇಶದ ಜನ ಬಹಳ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ನಾನೂ ಬಹಳ ಹೊತ್ತು ಸುಮ್ಮನೆ ಕೂತು ನಿದ್ದೆ ಮಾಡುತ್ತಿದ್ದೆ. ದನ ಇರುವ ಸಿನಿಮಾಗಳು ಮಾತ್ರ ನನಗೆ ಅರ್ಥವಾಗುತ್ತಿದ್ದವು. ಮುಗಿದ ಮೇಲೆ ಚಾ ಮಾಡುವುದು ನನ್ನ ಕೆಲಸ. "ಹೇಗಿತ್ತಕ್ಕ?" ಅಂತ ಸದಾ ಕೇಳಿದರೆ "ದನ ಇರಲಿಲ್ಲ" ಅನ್ನುತ್ತಿದ್ದೆ.

ಅವನು ಮೊದಲು ತೆಗೆದದ್ದು ಬೀಡಿ ಸುತ್ತುತ್ತಿದ್ದ ಹೆಂಗಸರ ಫೋಟೋಗಳನ್ನು. ಗೋಡೆಗೆ ತೂಗುಹಾಕಿ ಒಂದು ಭಾನುವಾರ ಅವರನ್ನೆಲ್ಲ ಕರೆದ. ಬಂದವರು ಗೋಡೆಯ ಕಡೆ ತಿರುಗಲೇ ಇಲ್ಲ. ಹಳೆ ಅಭ್ಯಾಸದಂತೆ ಮೇಜಿನ ಈಚೆ ಸಾಲಾಗಿ ನಿಂತರು. ಮುಂದೆ ಲಿಲ್ಲಿಬಾಯಿ. ಚೆಕ್ಕರನಿಂದ ನಮ್ಮೆಲ್ಲರಿಗಿಂತ ಹೆಚ್ಚು "ಪಾಸಿಲ್ಲ" ಕೇಳಿದವಳು. ಅವನ ಮುಖಕ್ಕೆ ಹೇಳಲಾಗದ್ದನ್ನು ದಾರಿಯುದ್ದಕ್ಕೂ ಕೊಂಕಣಿಯಲ್ಲಿ ಹೇಳುತ್ತಾ ಮನೆಗೆ ಹೋಗುತ್ತಿದ್ದವಳು. ಸದಾ ಒಂದು ಗಳಿಗೆ ಅವರನ್ನು ನೋಡಿದ. ಗೋಡೆಯಿಂದ ಫೋಟೋಗಳನ್ನೆಲ್ಲ ಇಳಿಸಿ ಮೇಜಿನ ಮೇಲೆ ಹರಡಿದ.

"ಬಾಯಿ, ಆಚೆ ಹೋಗಿ ಕುರ್ಚಿಯಲ್ಲಿ ಕೂತುಕೊಳ್ಳಿ. ಈಗ ಚೆಕ್ ಮಾಡುವವರು ನೀವು."

"ನಾನಾ? ಆ ಕುರ್ಚಿಯಲ್ಲಾ?"

"ಹೌದು ಮಾರಾಯ್ತಿ. ನಿಮ್ಮ ಮುಖ, ನಿಮ್ಮ ಲೆಕ್ಕ."

ಲಿಲ್ಲಿಬಾಯಿ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತಳು. ತನ್ನ ಫೋಟೋವನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು. ಆಮೇಲೆ, ಮುಖ ಎತ್ತದೆ, "ಪಾಸಿಲ್ಲ" ಅಂತ ಬದಿಗೆ ತಳ್ಳಿದಳು. ಆ ದಿನ ಆ ಕಟ್ಟಡದಲ್ಲಿ ಎದ್ದ ನಗು ಈಗಲೂ ಹಂಚಿನ ಸಂದಿಯಲ್ಲಿ ಎಲ್ಲೋ ಇರಬೇಕು.

ಅಲ್ಲಿಂದ ಅದೇ ಕ್ರಮವಾಯಿತು. ಯಾರೇ ಫೋಟೋ ತೆಗೆಯಲಿ, ಅದರಲ್ಲಿರುವವರು ತಿಂಗಳ ಕೊನೆಯ ಭಾನುವಾರ ಆ ಕುರ್ಚಿಯಲ್ಲಿ ಕೂತು ಪಾಸು ಮಾಡಿದರೆ ಮಾತ್ರ ಗೋಡೆಗೆ. ಕೆಲವೊಮ್ಮೆ ಅನ್ಯಾಯವೂ ಆಗುತ್ತಿತ್ತು. ಲಿಲ್ಲಿಬಾಯಿ ಬಾವಿಕಟ್ಟೆಯಲ್ಲಿ ನಗುತ್ತಾ ನಿಂತ ಫೋಟೋ ಒಂದಿತ್ತು. ಅಷ್ಟು ಚಂದದ್ದು ಸದಾ ಮತ್ತೆ ತೆಗೆಯಲಿಲ್ಲ. ಬೆಂಗಳೂರಿನವರು ಪ್ರದರ್ಶನಕ್ಕೆ ಕೇಳಿದರು. ಅವಳು ಅದನ್ನು ಬದಿಗೆ ತಳ್ಳಿದ ಕಾರಣ ಏನು ಗೊತ್ತೇ? ಸೀರೆಗೂ ರವಿಕೆಗೂ ಬಣ್ಣ ಹೊಂದುತ್ತಿರಲಿಲ್ಲವಂತೆ. ಫೋಟೋ ಇದ್ದದ್ದು ಕಪ್ಪು ಬಿಳುಪಿನಲ್ಲಿ!

"ಕಾಣುವುದೇ ಇಲ್ಲವಲ್ಲ ಬಾಯಿ" ಅಂತ ಸದಾ ಬೇಡಿಕೊಂಡ.

"ನನಗೆ ಗೊತ್ತುಂಟಲ್ಲ."

ಅವನು ಎರಡು ದಿನ ಮಂಕಾಗಿದ್ದ. ಆದರೆ ಕೊಡಲಿಲ್ಲ. "ಪಾಸಿಲ್ಲ ಅಂದರೆ ಪಾಸಿಲ್ಲ, ಅಕ್ಕ. ಇಲ್ಲದಿದ್ದರೆ ನಾನೂ ಒಬ್ಬ ಚೆಕ್ಕರ್ ಆಗ್ತೇನೆ ಅಷ್ಟೇ."

ಒಂದು ದಿನ ಅವನು ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದವನು, ಎದೆ ಹಿಡಿದುಕೊಂಡು ಪಕ್ಕದವರ ಹೆಗಲಿಗೆ ವಾಲಿದನಂತೆ. ಕ್ಯಾಮೆರಾ ಚೀಲವನ್ನು ಬಸ್ಸಿನವರು ಜೋಪಾನವಾಗಿ ತಂದುಕೊಟ್ಟರು. ನಾನು ಅತ್ತದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನದು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಏರ್ಪಾಡೆಲ್ಲ ನಮ್ಮ ಮಾವನದ್ದು. ಅಮ್ಮನ ತಮ್ಮ ಅವರು. ನಮ್ಮಲ್ಲಿ ಆಸ್ತಿ ಹೆಂಗಸರದ್ದಾದರೂ ಮಾತು ಮಾವಂದಿರದ್ದು. ಅವರ ಮಾತಿಗೆ ನಾನು ಎದುರು ಆಡಿದವಳಲ್ಲ. ಕೆಟ್ಟವರಲ್ಲ, ಅಡುಗೆಯವರಿಂದ ಹಿಡಿದು ಚಪ್ಪರದ ತನಕ ಎಲ್ಲ ಓಡಾಡಿ ಮಾಡಿಸಿದರು. ಬ್ರಾಂಚಿನ ಎದುರು ಶ್ರದ್ಧಾಂಜಲಿಯ ದೊಡ್ಡ ಫ್ಲೆಕ್ಸ್ ಹಾಕಿಸಿದವರೂ ಅವರೇ. ನೀವು ಕಂಡಿರುತ್ತೀರಿ, ಸತ್ತವರ ಮುಖ ಯಾವುದೋ ಗುರುತಿನ ಚೀಟಿಯಿಂದ ಕತ್ತರಿಸಿ ಕಂಪ್ಯೂಟರಿನಲ್ಲಿ ಒಂದು ಕೋಟಿನ ಮೇಲೆ ಕೂರಿಸುವುದು. ಜೀವಮಾನವೆಲ್ಲ ಮಡಚಿದ ತೋಳಿನ ಅಂಗಿಯಲ್ಲಿದ್ದ ನನ್ನ ತಮ್ಮ ನೀಲಿ ಕೋಟು, ಕೆಂಪು ಟೈ ಹಾಕಿಕೊಂಡು ಮೋಡದ ನಡುವೆ ನಿಂತಿದ್ದ. ಕೆನ್ನೆ ಬೆಳ್ಳಗೆ, ಸುಣ್ಣ ಬಳಿದಂತೆ.

ಊಟವೆಲ್ಲ ಮುಗಿದ ಮೇಲೆ ಮಾವ ಹೇಳಿದರು. "ಮೊಬೈಲ್ ಶೋರೂಮಿನವರು ಬ್ರಾಂಚು ಕೇಳ್ತಿದ್ದಾರೆ. ಭಾನುವಾರ ಅಳತೆಗೆ ಬರ್ತಾರೆ. ಇನ್ನು ಯಾರು ನಡೆಸುವುದು ಅದನ್ನು, ನೀನಾ? ಈ ಫ್ಲೆಕ್ಸಿನದ್ದೇ ಫೋಟೋಕ್ಕೆ ಫ್ರೇಮು ಹಾಕಿಸಿ ಬಾಗಿಲ ಮೇಲೆ ಇಡುವ. ಅವನ ಹೆಸರೂ ಉಳಿಯುತ್ತದೆ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾವ ಅದನ್ನು ಹೂಂ ಅಂತಲೇ ತಿಳಿದರು. ನಾನು ನಡೆಸಬಲ್ಲೆನೆ? ಚಾ ಮಾಡುವವಳು, ಸಿನಿಮಾದಲ್ಲಿ ದನ ಹುಡುಕುವವಳು!

ಆ ಭಾನುವಾರ ತಿಂಗಳ ಕೊನೆಯ ಭಾನುವಾರವಾಗಿತ್ತು. ನನಗೆ ನೆನಪಿರಲಿಲ್ಲ, ಹೆಂಗಸರಿಗೆ ನೆನಪಿತ್ತು. ಮಾವನೂ ಶೋರೂಮಿನವನೂ ಟೇಪು ಹಿಡಿದು ಗೋಡೆ ಅಳೆಯುತ್ತಿರುವಾಗ ಲಿಲ್ಲಿಬಾಯಿ ಮತ್ತು ಉಳಿದವರು ಒಳಗೆ ಬಂದರು. ಹಿಂದೆ ಐತಪ್ಪಣ್ಣ. ಮೇಜಿನ ಮೇಲೆ ಫೋಟೋಗಳಿರಲಿಲ್ಲ. ಫ್ರೇಮಿನವರಿಗೆ ತೋರಿಸಲು ಮಾವ ಇಳಿಸಿ ತಂದ ಫ್ಲೆಕ್ಸ್ ಉದ್ದಕ್ಕೆ ಹಾಸಿತ್ತು.

ಲಿಲ್ಲಿಬಾಯಿ ಕನ್ನಡಕ ಹಾಕಿಕೊಂಡಳು. "ಇದು ಯಾರು?"

"ಎಂತ ಬಾಯಿ, ಗುರುತು ಸಿಗಲಿಲ್ಲವಾ? ನಮ್ಮ ಸದಾ" ಅಂದರು ಮಾವ.

"ಕೋಟು ಯಾರದ್ದು?"

"ಅದು ಕಂಪ್ಯೂಟರಿನಲ್ಲಿ ಹಾಕುವುದು."

"ಹಾಗಾದರೆ ಪ್ಯಾಂಟೂ ಹಾಕಬಹುದಿತ್ತು. ಸೊಂಟದ ಕೆಳಗೆ ಬರೀ ಮೋಡ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶೋರೂಮಿನವನು ಟೇಪು ಎಳೆದು ಹಿಡಿದವನು ಹಾಗೆಯೇ ನಿಂತ. ಲಿಲ್ಲಿಬಾಯಿ ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಫೋಟೋದಲ್ಲಿ ಇರುವವರೇ ಹೇಳಬೇಕು ಅಂತ ನಿಮ್ಮ ತಮ್ಮನ ಕ್ರಮ. ಅವರಿಲ್ಲ. ನೀವುಂಟು. ಆಚೆ ಹೋಗಿ ಕೂತುಕೊಳ್ಳಿ ಅಕ್ಕ."

ಅಷ್ಟು ವರ್ಷಗಳಲ್ಲಿ ನಾನು ಆ ಕುರ್ಚಿಯಲ್ಲಿ ಕೂತವಳೇ ಅಲ್ಲ. ಕಟ್ಟಡ ನನ್ನದು, ಕುರ್ಚಿ ಒರೆಸುವವಳು ನಾನು. ಆದರೂ ಮೇಜಿನ ಈಚೆಯೇ ನನ್ನ ಜಾಗ ಅಂತ ಕಾಲುಗಳಿಗೆ ಅಭ್ಯಾಸವಾಗಿತ್ತು. ಸುತ್ತು ಹಾಕಿ ಆಚೆ ಹೋದೆ. ಕೂತೆ. ಅಲ್ಲಿಂದ ಎಲ್ಲರೂ ಬೇರೆಯೇ ಕಾಣುತ್ತಾರೆ, ಮಾವನೂ ಸ್ವಲ್ಪ ಚಿಕ್ಕವರಾಗಿ. ಫ್ಲೆಕ್ಸನ್ನು ನೋಡಿದೆ. ಸುಣ್ಣದ ಕೆನ್ನೆಯ ಆ ಮನುಷ್ಯ ನನ್ನನ್ನು ಅಕ್ಕ ಅಂತ ಯಾವತ್ತೂ ಕರೆದವನಲ್ಲ.

"ಪಾಸಿಲ್ಲ" ಅಂದೆ.

"ಫ್ಲೆಕ್ಸಾ? ಆಯಿತು, ಬೇರೆ ಮಾಡಿಸುವ" ಅಂದರು ಮಾವ.

"ಫ್ಲೆಕ್ಸೂ ಪಾಸಿಲ್ಲ ಮಾವ. ಶೋರೂಮೂ ಪಾಸಿಲ್ಲ."

ಯಾಕೆ ಅಂತ ಮಾವ ಬಹಳ ಕೇಳಿದರು. ಚೆಕ್ಕರ್ ಕಾರಣ ಹೇಳುವ ಕ್ರಮ ಇಲ್ಲವಲ್ಲ! ಹೇಳಲಿಲ್ಲ. ಅವರು ಎರಡು ತಿಂಗಳು ಮಾತು ಬಿಟ್ಟರು. ಮುಂದಿನ ಶನಿವಾರ ಬಾಗಿಲು ತೆರೆದೆ. ಸಿನಿಮಾ ಯಂತ್ರವನ್ನು ಉಜಿರೆಯ ಮಕ್ಕಳು ನಡೆಸಿದರು, ಚಾ ನಾನು ಮಾಡಿದೆ. ಸೀರೆಯ ಪರದೆ ಅಷ್ಟರಲ್ಲಿ ಪಿಸಿದು ಹರಿದಿತ್ತು. ಐತಪ್ಪಣ್ಣ ಮೂಲೆಯಲ್ಲಿ ಸುತ್ತಿಟ್ಟ ಫ್ಲೆಕ್ಸನ್ನು ಬಿಡಿಸಿ ಮಗುಚಿ ಹಾಕಿದರು. ಬೆನ್ನು ಬೆಳ್ಳಗೆ, ಒಂದು ಕಲೆ ಇಲ್ಲ.

"ನನ್ನ ಹೊಟ್ಟೆಗೆ ಹೊಡೆದ ಮಾಲು ಇದು" ಅಂತ ಬೈಯುತ್ತಲೇ ಸುತ್ತ ಕಪ್ಪು ಅಂಚು ಬರೆದು ಸೀರೆಯ ಜಾಗಕ್ಕೆ ಏರಿಸಿದರು. ಅವರ ಕೈಯ ಗೆರೆ ಈಗಲೂ ನೆಟ್ಟಗೆ ಉಂಟು.

ಅದಕ್ಕೇ ಸುಮತಿಗೆ ಕೊಡಲಿಲ್ಲ. "ಶನಿವಾರ ಬಾ, ಯಾಕೆ ಅಂತ ನೋಡು" ಅಂದೆ. ನಿನ್ನೆ ಬಂದಿದ್ದಳು. ಮಾವನೂ ಬಂದಿದ್ದರು, ಈಗೀಗ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು ಶೋರೂಮಿನವರು ಮತ್ತೆ ಕೇಳಿದರು ಅನ್ನುತ್ತಾರೆ. ನಾನು ಚಾ ಕೊಡುತ್ತೇನೆ. ಪರದೆಯ ಹಿಂದೆ ಪಡುವಣದ ಕಿಟಕಿ ಉಂಟು. ಸಂಜೆ ಬಿಸಿಲು ಅದರಿಂದ ಹೊಕ್ಕಾಗ ಆ ಬಿಳಿಯೊಳಗಿಂದ ಕೆಂಪು ಟೈ ಮಾತ್ರ ಮಸುಕಾಗಿ ಮೂಡುತ್ತದೆ.

"ಅಕ್ಕ, ಅದೆಂತ ಕೆಂಪು?" ಸುಮತಿ ಕೇಳಿದಳು.

"ಪಾಸಾಗದ್ದು" ಅಂದೆ. ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ಎಳೆದು ಅಗುಳಿ ಹಾಕಿದೆ. ಟೈ ಅಳಿಸಿಹೋಯಿತು. ಕತ್ತಲಲ್ಲಿ ಬೆಳಕು ಬಿತ್ತು. ಯಾವುದೋ ದೇಶದ ಒಬ್ಬಳು ಹೆಂಗಸು, ನನ್ನ ಪ್ರಾಯದವಳು, ಬಾಗಿಲು ತೆರೆದು ಹೊರಗೆ ಬಂದಳು. ದನ ಇರಲಿಲ್ಲ. ಆದರೂ ನಿದ್ದೆ ಮಾಡಲಿಲ್ಲ.