ಮಾಣಿಕ ದಾದಾನ ಬಗ್ಗೆ ಕಾಶೀರಾಮ ಆಡಿದ ಮಾತು

ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದ ಕಾಶೀರಾಮನಿಗೆ ಜನರೆದುರು ಬಾಯಿ ತೆರೆಯಲು ಎಂದೂ ಅಳುಕಿರಲಿಲ್ಲ. ಆದರೆ ಮಾಣಿಕ ದಾದಾ ತೀರಿಕೊಂಡು, ಭಾಲ್ಕಿಯಲ್ಲಿ ಬೌದ್ಧ ಪದ್ಧತಿಯಂತೆ ನಡೆಯುವ ಪುಣ್ಯಾನುಮೋದನೆಯ ಶೋಕಸಭೆಯಲ್ಲಿ ಮೊದಲು ನೀನೇ ಮಾತಾಡಬೇಕೆಂದು ದಾದಾನ ಮನೆಯವರು ಹೇಳಿಕಳಿಸಿದಾಗ ಎರಡು ದಿನ ಊಟ ಸೇರಲಿಲ್ಲ.

ಅಂದು ಊರ ಬಾವಿಗೆ ಕೊಡ ಹಿಡಿದು ದಾದಾನ ಹಿಂದೆ ನಡೆದವರಲ್ಲಿ ಉಳಿದವನು ಅವನೊಬ್ಬನೇ. ಔರಾದ ತಾಲ್ಲೂಕಿನ ಅವರ ಹಳ್ಳಿಯಲ್ಲಿ ದಲಿತ ಕೇರಿಯವರು ಆ ಬಾವಿ ಮುಟ್ಟುವಂತಿರಲಿಲ್ಲ. ಮಾಣಿಕ ಮೆಟ್ಟಿಲಿಳಿದ. ಬಡಿಗೆಯ ಏಟಿಗೆ ಎಡಗಿವಿ ಹೋಯಿತು. ಆದರೂ ಕೊಡ ತುಂಬಿಯೇ ಮೇಲೆ ಬಂದ. ಆ ನೀರನ್ನು ಮೊದಲು ಕುಡಿದವನು ಕಾಶೀರಾಮ.

ಅದೇ ದಾದಾ ಜಿಲ್ಲಾ ಪಂಚಾಯಿತಿಗೆ ಆರಿಸಿ ಬಂದ ಮೇಲೆ, ಮಕ್ಕಳು ಕಡಿಮೆಯೆಂದು ಔರಾದದ ಬಾಲಕಿಯರ ಹಾಸ್ಟೆಲೊಂದನ್ನು ಮುಚ್ಚಿಸಿ ಭಾಲ್ಕಿಯದಕ್ಕೆ ಸೇರಿಸಿದ. ಅಷ್ಟು ದೂರ ಯಾರೂ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಕಾಶೀರಾಮನೂ ಕಳಿಸಲಿಲ್ಲ. ಒಂಬತ್ತನೇ ತರಗತಿಗೆ ಓದು ನಿಂತ ಮಗಳು ವಿಶಾಖಾ ಈಗ ಬೀದರಿನ ಅಂಚಿನ ನೌಬಾದದ ಅಂಗನವಾಡಿಯಲ್ಲಿ ಸಹಾಯಕಿ. ಕಾರ್ಯಕರ್ತೆಯಾಗಲು ಆ ಓದು ಸಾಲದು.

ಸಭೆಯ ದಿನ ಅವಳೂ ಹೊರಟು ನಿಂತಳು.

"ಬಾವಿ ಸುದ್ದಿ ಹೇಳ್ರಿ ಅಪ್ಪಾ, ಬ್ಯಾಡ ಅನ್ನಂಗಿಲ್ಲ. ಹಾಸ್ಟೆಲ್ಲಿಂದೂ ಒಂದ ಮಾತ ಹೇಳ್ರಿ. ಅದನ್ನ ಕೇಳ್ಲಾಕೇ ಬರ್ತೇನಿ."

ಅವನು ಒಪ್ಪಿಕೊಂಡ.

ಬುದ್ಧವಂದನೆ ಮುಗಿದ ಮೇಲೆ, ಫೋಟೋಕ್ಕೆ ಏರಿಸುವ ಹೂವನ್ನು ಮುಷ್ಟಿಯಲ್ಲೇ ಹಿಡಿದು ಮೈಕಿನೆದುರು ನಿಂತ. ಬಾವಿಯ ಮಾತು ತಾನಾಗಿ ಬಂತು. ತುಂಬಿದ ಕೊಡ ಮೇಲೆ ಬಂದ ಗಳಿಗೆಯನ್ನು ಹೇಳಿದವನೇ "ಜೈ ಭೀಮ" ಎಂದುಬಿಟ್ಟ. ಸಭೆಯೆಲ್ಲ "ಜೈ ಭೀಮ" ಎಂದಿತು. ಅಲ್ಲಿ ಹಾಗೆಂದರೆ ಭಾಷಣ ಮುಗಿದಂತೆ. ನಿರೂಪಕರು ಮೈಕು ತೆಗೆದುಕೊಂಡು ಮುಂದಿನವರ ಹೆಸರು ಕರೆದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಿಶಾಖಾ ತಲೆ ತಗ್ಗಿಸಿದಳು.

ಬೀದರಿಗೆ ಮರಳುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು.

"ಹಾಸ್ಟೆಲ್ ಮುಚ್ಚಿ ದಾದಾ ತಪ್ಪ ಮಾಡ್ದ, ಯವ್ವಾ," ಎಂದ ಕಾಶೀರಾಮ.

"ಸಭಾದಾಗ ಹೇಳ್ಲಿಲ್ಲ, ಈಗ ಕಂಡಕ್ಟರಗ ಹೇಳ್ರಿ. ಟಿಕೀಟ ಮ್ಯಾಲ ಬರ್ದ ಕೊಡ್ತಾನ."

ಮತ್ತೆ ಅವಳೇ ಕೇಳಿದಳು: "ನೀವ ಮರ್ತ್ರೋ, ಬೇಕಂತ ಬಿಟ್ರೋ?"

ಹಳೆಯ ರೂಢಿಯಿಂದ ಬಂದ ಜೈ ಭೀಮವೋ, ತಪ್ಪಿಸಿಕೊಳ್ಳಲು ಅಂದದ್ದೋ? ಎಷ್ಟು ಯೋಚಿಸಿದರೂ ಅವನಿಗೇ ಬಗೆಹರಿಯಲಿಲ್ಲ.

"ಗೊತ್ತಾಗವಲ್ದು," ಎಂದ. ಆಮೇಲೆ ಮೆಲ್ಲಗೆ, "ದೂರ ಅಂತ ನಾನೂ ನಿನ್ನ ಕಳಿಸ್ಲಿಲ್ಲ."

ವಿಶಾಖಾ ತಿರುಗಿ ಅವನ ಮುಖ ನೋಡಿದಳು. ಕಾಶೀರಾಮ ಮುಷ್ಟಿ ಬಿಚ್ಚಿದರೆ ಹೂ ಅಲ್ಲಿಯೇ ಇತ್ತು, ಏರಿಸದೆಯೇ ಬಾಡಿತ್ತು. ಕಿಟಕಿಯಾಚೆ ಎಸೆಯಲು ಅವನಿಗೆ ಕೈ ಬರಲಿಲ್ಲ. ನೌಬಾದ ಬರುವವರೆಗೂ ಹಾಗೆಯೇ ಹಿಡಿದುಕೊಂಡು ಕುಳಿತ.