ಪುಕ್ಕ ಉದುರಿಸುತ್ತಿದ್ದ ಹೇಂಟೆ

ಆ ತರಬೇತಿ ಕೊಟ್ಟವನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಹಾಸನದಲ್ಲಿ ಅರ್ಧ ದಿನ ಕೂರಿಸಿ, ಟೀ ಬಿಸ್ಕತ್ತು ಕೊಟ್ಟು, ನಮ್ಮಂಥ ಹೆಂಗಸರಿಗೆ ನಾಟಿ ಕೋಳಿ ಸಾಕುವುದನ್ನು ಕಲಿಸಿದ. ಕೋಳಿಯ ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಮೂರು ಬೆರಳು ಹಿಡಿಸಿದರೆ ಅದು ಮೊಟ್ಟೆ ಇಡುವ ಕೋಳಿ, ಒಂದೇ ಬೆರಳು ಹಿಡಿಸಿದರೆ ದಂಡಪಿಂಡ, ಸಾರಿಗೆ ಹಾಕಿ ಎಂದ. ಎಲ್ಲರೂ ನಕ್ಕೆವು. ನಾನು ಬರೆದುಕೊಂಡೆ ಬೇರೆ.

ಕೊಣನೂರಿಗೆ ವಾಪಸ್ ಬಂದವಳೇ ಅತ್ತೆಯ ಕೋಳಿಗಳನ್ನೆಲ್ಲ ಹಿಡಿದು ಬೆರಳಿಟ್ಟು ನೋಡಿದೆ. ಕೆಂಪು ಹೇಂಟೆಯೊಂದು ಫೇಲಾಯಿತು. ಅದರ ಮೇಲೆ ಅತ್ತೆಗೆ ಜೀವ. ಮನೆಯ ಮಿಕ್ಕ ಕೋಳಿಗಳೆಲ್ಲ ಅದರ ಕಾವಿನಲ್ಲೇ ಮರಿಯಾದವು. ಆಗ ಮಾತ್ರ ಅದರ ಕತ್ತು ಬೋಳಾಗಿತ್ತು, ಅಂಗಳದ ತುಂಬ ಅದರದೇ ಪುಕ್ಕ.

“ಪುಕ್ಕ ಉದುರುಸ್ತಾ ಐತೆ ಕಣವ್ವ. ಎಲ್ಡ್ ತಿಂಗ್ಳು ಸುಮ್ಕಿರು, ತಿರ್ಗಾ ಮೊಟ್ಟೆ ಇಕ್ತದೆ,” ಅಂದರು ಅತ್ತೆ.

“ನಿಮ್ಗೆ ಗೊತ್ತಾಗಲ್ಲ ಅತ್ತೆ,” ಅಂದೆ. ಬಿಎಸ್ಸಿ ಓದಿದ ಬಾಯಿ! ಭಾನುವಾರ ನನ್ನ ಗಂಡ ಕೊಯ್ದುಕೊಟ್ಟರು, ನಾನೇ ಹೊಟ್ಟೆ ಸೀಳಿದೆ.

ಮೊಟ್ಟೆ ಇಡುವ ಕಾಲದಲ್ಲಿ ಒಂದೂವರೆ ಮೊಳ ಇರುವ ಅಂಡನಾಳ ಗೇಣುದ್ದಕ್ಕೆ ಮುದುಡಿ, ಬತ್ತಿಯಂತೆ ತೆಳ್ಳಗಾಗಿತ್ತು. ಅಂಡಾಶಯದಲ್ಲಿ ಹಳದಿ ಉಂಡೆ ಒಂದೂ ಇಲ್ಲ, ಸಾಸಿವೆಯಷ್ಟು ಸಣ್ಣ ಕಾಳುಗಳು ಮಾತ್ರ ಮುತ್ತಿಕೊಂಡಿದ್ದವು. ಆಗ ಹೊಳೆಯಿತು. ಇದು ರೋಗವಲ್ಲ, ಮುಪ್ಪೂ ಅಲ್ಲ. ಹೊಸ ಪುಕ್ಕ ಬರುವ ತನಕ ಮೈ ಮೊಟ್ಟೆಯ ಕೆಲಸ ನಿಲ್ಲಿಸುತ್ತದೆ. ನಾಳ ಸುಕ್ಕುತ್ತದೆ, ಎಲುಬುಗಳು ಹತ್ತಿರವಾಗುತ್ತವೆ, ಪುಕ್ಕ ಬಂದಮೇಲೆ ಎಲ್ಲ ಮತ್ತೆ ಬೆಳೆದು ಮೊದಲಿನಂತಾಗುತ್ತದೆ. ಇದನ್ನೇ ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವಳು ನಾನು. ಆ ಮಹಾನುಭಾವ ಇದೊಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನಿಗಿಂತ ಹೆಚ್ಚಾಗಿ ನನ್ನ ಮೇಲೇ ಮೈ ಉರಿಯಿತು. ಅತ್ತೆಯ ಮೇಲೂ ಉರಿಯಿತು.

“ನೀವಾದ್ರೂ ನನ್ನ ಗಟ್ಟಿಯಾಗಿ ಬೈಬಾರ್ದಿತ್ತಾ?” ಎಂದು ಅಡುಗೆಮನೆಯಲ್ಲೇ ಕಿರುಚಿದೆ.

ಅತ್ತೆ ಖಾರ ಅರೆಯುವುದನ್ನು ನಿಲ್ಲಿಸಲಿಲ್ಲ. “ನಾ ಏಳ್ದೆ. ನೀ ಓದ್ದೋಳು, ನನ್ಗಿಂತ ಚೆನ್ನಾಗಿ ಗೊತ್ತಿರ್ತದೆ ಅಂದ್ಕಂಡೆ,” ಅಂದರು.

ಸಾರು ಆದ ಮೇಲೆ ನನ್ನ ತಟ್ಟೆಗೆ ಅವರೇ ಬಡಿಸಿದರು. ತಾವು ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಉಂಡರು.